ಸತ್ತವರ ದಂಡು ಮತ್ತು ಸೋದರಮಾವನ ಸೀರೆ

ನನ್ನನ್ನು ಕಂಡರೆ ಯಾರಿಗೂ ಹೆದರಿಕೆಯಿಲ್ಲ. ಐವತ್ತು ದಾಟಿದ ಮೇಲೆ ಇಂಥದ್ದನ್ನೆಲ್ಲ ಒಪ್ಪಿಕೊಳ್ಳಲು ನಾಚಿಕೆ ಬಿಡಬೇಕು, ಬಿಟ್ಟಿದ್ದೇನೆ. ಚಳ್ಳಕೆರೆಯ ಪೇಟೆಯಲ್ಲಿ ನನ್ನದೊಂದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿಯಿದೆ. ಹಿಂದೆ ಮುಂದೆ ಎಲ್ಲಿ ಕೈಯಿಟ್ಟರೂ ವಿಷದ ಡಬ್ಬ. ಅಷ್ಟು ವಿಷದ ನಡುವೆ ಕೂತವನನ್ನು ಕಂಡರೆ ಮನುಷ್ಯರಿಗೆ ಒಂದಿಷ್ಟಾದರೂ ಅಳುಕು ಇರಬೇಕೋ ಬೇಡವೋ? ಅಂಗಡಿಯ ಮೆಟ್ಟಿಲ ಮೇಲೆ ಮಲಗುವ ಬೀದಿನಾಯಿ ನಾನು ಬಂದಾಗ ಒಂದು ಕಣ್ಣು ತೆರೆಯುತ್ತದೆ, ಬಂದವನು ನಾನೇ ಎಂದು ಖಾತ್ರಿಯಾದ ಮೇಲೆ ಮತ್ತೆ ಮುಚ್ಚುತ್ತದೆ. ಅದನ್ನು ದಾಟಿಕೊಂಡು ನಾನೇ ಒಳಗೆ ಹೋಗಬೇಕು. ಮನೆಯಲ್ಲಿ ಅಪರೂಪಕ್ಕೆ ದನಿ ಏರಿಸಿದರೆ ಹೆಂಡತಿ ಗಿರಿಜ, 'ಹಸಿವಾಗೈತೇನೋ' ಎಂದು ತಟ್ಟೆ ಇಡುತ್ತಾಳೆ. ಹಸಿವಾಗಿಯೂ ಇರುತ್ತದೆ, ಅದು ಬೇರೆ ಮಾತು.

ಹೀಗಿರುವಾಗ ನನ್ನ ಜೊತೆ ಓದಿದ ಓಬಳೇಶ ಒಂದು ಆಟ ತಂದ. ಓಬಳೇಶ ಈಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವನು ವರಾಂಡದಲ್ಲಿ ನಡೆದುಬಂದರೆ ಮಕ್ಕಳು ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ, ಅದನ್ನು ನಾನೇ ಕಣ್ಣಾರೆ ನೋಡಿ ಹೊಟ್ಟೆ ಉರಿದುಕೊಂಡಿದ್ದೇನೆ. ಅವನು ಫೋನಿನಲ್ಲಿ ನೋಡಿ ಕಲಿತ ಆಟವನ್ನು ಮೇಜಿನ ಸುತ್ತ ಕೂತು ಆಡಬೇಕು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ವೀರರು. 'ಎದುರಿಗೆ ಗುಹೆ ಐತೆ, ಒಳಗೆ ಏನೋ ಉಸಿರಾಡ್ತೈತೆ, ಏನ್ ಮಾಡ್ತೀರಿ?' ಎಂದು ಕಥೆಗಾರ ಕೇಳಬೇಕು. ವೀರರು ತಮ್ಮ ಬುದ್ಧಿಯಿದ್ದಷ್ಟು ಉತ್ತರ ಹೇಳಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದಾಳದಲ್ಲಿ ಎಷ್ಟು ಬಿತ್ತೋ ಅಷ್ಟು ಅವರ ಹಣೆಬರಹ. ಗುಹೆಯಲ್ಲಿರುವ ರಾಕ್ಷಸ, ದಾರಿಯ ಕಳ್ಳರು, ಸಿಂಹಾಸನದ ಮೇಲಿನ ದುಷ್ಟ ರಾಜ, ಎಲ್ಲ ಪಾತ್ರವೂ ಕಥೆಗಾರನದೇ. 'ಕಥೆಗಾರ ಯಾರಾಗ್ತೀರಿ?' ಎಂದು ಓಬಳೇಶ ಕೇಳಿ ಮುಗಿಸುವ ಮೊದಲೇ ನಾನು ಕೈ ಎತ್ತಿದ್ದೆ.

ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಗೋಡೌನಿನಲ್ಲಿ ಗೊಬ್ಬರದ ಮೂಟೆಗಳ ಮಧ್ಯೆ ನಾವು ನಾಲ್ವರು ಸೇರುತ್ತಿದ್ದೆವು. ನಾನು, ಓಬಳೇಶ, ಪಶು ಆಸ್ಪತ್ರೆಯ ಕಾಂಪೌಂಡರ್ ಬೋರಣ್ಣ, ಮೊಳಕಾಲ್ಮೂರಿನಿಂದ ಸೀರೆ ಗಂಟು ಹೊತ್ತು ವಾರಕ್ಕೊಮ್ಮೆ ಪೇಟೆಗೆ ಬರುವ ನೇಕಾರ ತಿಪ್ಪೇಸ್ವಾಮಿ. ನಾನು ಹೆದರಿಸಲಿಕ್ಕೆಂದೇ ಕೂತವನು, ಅವರು ಹೆದರಬಾರದೆಂದೇ ಕೂತವರು. ಏಳು ಹೆಡೆಯ ಸರ್ಪವನ್ನು ತಂದೆ. ಬೋರಣ್ಣ, 'ಏಳು ಬಾಯಿಗೂ ಒಂದೇ ಹೊಟ್ಟೆನಾ? ಹಂಗಾದ್ರೆ ಅದಕ್ಕೆ ಅಜೀರ್ಣ ಆಗಿರ್ತೈತೆ, ಪಾಪ' ಎಂದು ದಾಳ ಉರುಳಿಸಿ, ಅದಕ್ಕೆ ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸಿ ಕಳಿಸಿಬಿಟ್ಟ. ನೆತ್ತರು ಕುಡಿಯುವ ರಾಣಿಯನ್ನು ತಂದೆ. ಓಬಳೇಶ ಅವಳಿಗೆ ತವರು ಯಾವುದು ಎಂದು ಕೇಳುತ್ತ ಕೂತ. ಜಟಿಂಗ ರಾಮೇಶ್ವರದ ಬೆಟ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು, ಬಂಡೆಗಳ ತುದಿಯಲ್ಲಿ ಒಂದು ಘೋರವಾದ ಕೋಟೆ ಕಟ್ಟಿದೆ. 'ಮೆಟ್ಟಿಲು ಐತೇನ್ರಿ? ಮೇಲೆ ನೀರು ಸಿಗ್ತೈತಾ? ಬುತ್ತಿ ಕಟ್ಕಂಡು ಹೋಗಾನ' ಎಂದು ತಿಪ್ಪೇಸ್ವಾಮಿ ವೀರರನ್ನು ಪಿಕ್‌ನಿಕ್ಕಿಗೆ ಹೊರಡಿಸಿದ. ಆ ವಾರವೆಲ್ಲ ನನಗೆ ಊಟ ರುಚಿಸಲಿಲ್ಲ.

ಆಗ ತೀರ್ಮಾನ ಮಾಡಿದೆ. ಈ ಜನಕ್ಕೆ ರಾಕ್ಷಸರನ್ನು ಒಬ್ಬೊಬ್ಬರಾಗಿ ಕೊಟ್ಟರೆ ಮಾತಾಡಿಸಿ ಸ್ನೇಹ ಮಾಡಿಕೊಳ್ಳುತ್ತಾರೆ. ಮಾತಿಗೆ ಸಿಗದಂಥ ದಂಡು ಬೇಕು, ಅದೂ ಸತ್ತವರ ದಂಡು. ಅಸ್ಥಿಕೇತು ಎಂಬ ರಾಜನನ್ನು ಹುಟ್ಟಿಸಿದೆ. ಇವನು ಗೋರಿಗಳಿಂದ ಎಲುಬಿನ ಗೂಡುಗಳನ್ನು ಎಬ್ಬಿಸಿ, ಕತ್ತಿ ಕೊಟ್ಟು, ಸಾಲಾಗಿ ನಿಲ್ಲಿಸುವವನು. ಸತ್ತವರ ದಂಡಿನಲ್ಲಿ ದೊರೆಗೆ ಬಹಳ ಅನುಕೂಲವಿದೆ. ಅವರು ಊಟ ಕೇಳುವುದಿಲ್ಲ, ಹಬ್ಬಕ್ಕೆ ಊರಿಗೆ ಹೋಗುವುದಿಲ್ಲ, ದೊರೆಯ ಮಾತಿಗೆ ಎದುರು ಮಾತಾಡುವುದಿಲ್ಲ. ಇಪ್ಪತ್ತೈದು ವರ್ಷ ಅಂಗಡಿ ನಡೆಸಿದ ನನಗೆ ಅಂಥ ಆಳುಗಳನ್ನು ಕಲ್ಪಿಸಿಕೊಳ್ಳುವುದೇ ಒಂದು ಸುಖವಾಗಿತ್ತು.

ಆದರೆ ದಂಡನ್ನು ಮೇಜಿನ ಮೇಲೆ ನಿಲ್ಲಿಸಬೇಕಲ್ಲ. ಚಳ್ಳಕೆರೆಯಲ್ಲಿ ಎಲುಬಿನ ಗೂಡಿನ ಗೊಂಬೆ ಎಲ್ಲಿ ಸಿಗಬೇಕು? ಶೇಂಗಾ ಸಿಗುತ್ತದೆ. ಎರಡು ಬೀಜದ ಶೇಂಗಾಕಾಯಿಯನ್ನು ನೆಟ್ಟಗೆ ನಿಲ್ಲಿಸಿದರೆ ತಲೆ, ನಡು, ಹೊಟ್ಟೆ ಮೂರೂ ತಾನಾಗಿ ಬರುತ್ತವೆ. ನೂರಿಪ್ಪತ್ತು ಕಾಯಿ ಆರಿಸಿ, ಒಂದೊಂದಕ್ಕೂ ಕಪ್ಪು ಪೆನ್ನಿನಲ್ಲಿ ಕಣ್ಣಿನ ಗುಳಿ, ಹಲ್ಲು, ಪಕ್ಕೆಲುಬು ಬರೆದು, ಜೇಡಿಮಣ್ಣಿನಲ್ಲಿ ಚುಚ್ಚಿ ನಿಲ್ಲಿಸಿದೆ. ಆ ಭಾನುವಾರ ಅಸ್ಥಿಕೇತುವಿನ ಭಾಷಣವನ್ನು ಕಣ್ಣು ಮುಚ್ಚಿಕೊಂಡು ಆವೇಶದಿಂದ ಹೇಳಿದೆ. ಕಣ್ಣು ಬಿಟ್ಟಾಗ ಎಡಪಕ್ಕದ ಕಾಲಾಳುಗಳು ಯಾರೂ ಇರಲಿಲ್ಲ. ಓಬಳೇಶನ ಮುಂದೆ ಸಿಪ್ಪೆಯ ರಾಶಿಯಿತ್ತು. 'ಹುರಿದಿದ್ರೆ ಇನ್ನೂ ಚಲೋ ಇರ್ತಿತ್ತು ಕಣಲೇ ರುದ್ರ' ಎಂದ. ಬೋರಣ್ಣ ಕುದುರೆ ಸವಾರರಿಗೆ ಕೈ ಹಾಕಿದ್ದ. ಯುದ್ಧ ಶುರುವಾಗುವ ಮೊದಲೇ ನನ್ನ ಸೈನ್ಯವನ್ನು ವೈರಿಗಳು ತಿಂದು ಮುಗಿಸಿದ್ದರು.

ತಿನ್ನಲಾಗದ ದಂಡು ಬೇಕೆಂದರೆ ಕಾಗದದ ಮೇಲೆ ಬರೆಯಬೇಕು. ತಿಪ್ಪೇಸ್ವಾಮಿ ನನ್ನ ಜೋಲು ಮುಖ ನೋಡಲಾರದೆ ಮುಂದಿನ ವಾರ ಗ್ರಾಫ್ ಹಾಳೆ ತಂದುಕೊಟ್ಟ. ನೇಕಾರರು ಸೀರೆಯ ಚಿತ್ತಾರವನ್ನು ಮೊದಲು ಇಂಥ ಹಾಳೆಯ ಸಣ್ಣ ಸಣ್ಣ ಮನೆಗಳಲ್ಲಿ ತುಂಬಿಕೊಳ್ಳುತ್ತಾರೆ. ಆಮೇಲೆ ಅದನ್ನೇ ನೋಡಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ, ಮಗ್ಗ ಆ ತೂತು ಹೇಳಿದಂತೆ ಕೇಳುತ್ತದೆ. ನನಗೆ ಮಗ್ಗದ ಗೊಡವೆ ಬೇಕಿರಲಿಲ್ಲ, ಮನೆಗಳು ಸಾಕಾಗಿದ್ದವು. ಕೀಟನಾಶಕದ ಡಬ್ಬದ ಮೇಲಿನ ತಲೆಬುರುಡೆಯನ್ನು ಮಾದರಿಯಾಗಿಟ್ಟುಕೊಂಡು ಬರೆಯಲು ಕೂತೆ. ಗಲ್ಲಾದ ಮೇಲೆ ಹಾಳೆ ಹರಡಿಕೊಂಡಿದ್ದಾಗ ರೈತರೊಬ್ಬರು ಬಗ್ಗಿ ನೋಡಿ, 'ಇದು ಹೊಸ ಔಷಧಿ ಏನ್ರಿ? ಶೇಂಗಾಕ್ಕೆ ಹೊಡೀಬೋದಾ?' ಎಂದು ಕೇಳಿದರು. ಇಲ್ಲ ಎಂದೆ. 'ಮತ್ತೆ ತೊಗರಿಗಾ?' ಎಂದರು.

ಓಬಳೇಶನಿಗೂ ಬೋರಣ್ಣನಿಗೂ ಹಾಳೆಯನ್ನು ತೋರಿಸಲಿಲ್ಲ, ಯುದ್ಧದ ದಿನ ಒಮ್ಮೆಲೇ ಬಿಚ್ಚಿ ಎದೆ ಒಡೆಸಬೇಕೆಂದಿದ್ದೆ. ತಿಪ್ಪೇಸ್ವಾಮಿಗೆ ಮಾತ್ರ ತೋರಿಸಿದೆ. ಅವನು ಹೆದರಲಿಲ್ಲ, ತಿದ್ದಿದ. 'ಕತ್ತಿ ಇಷ್ಟುದ್ದ ಬಂದ್ರೆ ದಾರ ಜೋತು ಬೀಳ್ತೈತೆ ರುದ್ರಣ್ಣ, ಮಧ್ಯ ಒಂದು ಕಟ್ಟು ಕೊಡ್ರಿ.' ಇದು ಸೀರೆಯಲ್ಲಪ್ಪ, ಸೈನ್ಯ ಎಂದೆ. 'ಸೈನ್ಯ ಆದ್ರೂ ಲೆಕ್ಕ ಲೆಕ್ಕನೇ' ಎಂದು ರಬ್ಬರ್ ತೆಗೆದುಕೊಂಡ. ನೂರಿಪ್ಪತ್ತು ಜನರನ್ನು ಬರೆಯಲು ಕೈ ಸೋತು ನಾನು ನಿಟ್ಟುಸಿರು ಬಿಟ್ಟಾಗ ಅವನಿಗೆ ನಗು. 'ಐದು ಜನ ಸರಿಯಾಗಿ ಬರೀರಿ ಸಾಕು. ಉಳಿದೋರು ಅವ್ರೇ ತಿರುಗಿ ತಿರುಗಿ ಬರ್ತಾರೆ.' ಹಾಗಾಗಿ ಐದು ಜನ. ಕತ್ತಿಯವನು, ಈಟಿಯವನು, ನಗಾರಿ ಬಡಿಯುವವನು, ಬಾವುಟದವನು, ಕೈಯಲ್ಲಿ ಏನೂ ಇಲ್ಲದೆ ದವಡೆ ತೆರೆದು ಅರಚುವವನು. ಹಾಳೆಯ ಮೇಲ್ಭಾಗದಲ್ಲಿ ಕೊಂಬಿನ ಕಿರೀಟ ತೊಟ್ಟು ಸಿಂಹಾಸನದ ಮೇಲೆ ಕೂತ ಅಸ್ಥಿಕೇತು, ಇವನೊಬ್ಬನೇ ದೊಡ್ಡದಾಗಿ. ಮೂರು ಭಾನುವಾರ ಹಿಡಿಯಿತು. ಮುಗಿದ ದಿನ ಅದನ್ನು ನೋಡಿ ನನಗೇ ಸ್ವಲ್ಪ ಮೈ ಝುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ.

ಇದೇ ಹೊತ್ತಿಗೆ ಕೊಂಡ್ಲಹಳ್ಳಿಯ ನನ್ನ ಅಕ್ಕ ಪಾರ್ವತಕ್ಕನ ಮಗಳು ಕಾವ್ಯಳ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಮುಹೂರ್ತಕ್ಕೆ ಹೆಣ್ಣು ಉಡುವುದು ಸೋದರಮಾವ ತಂದ ಸೀರೆ. ಅಪ್ಪ ಅಮ್ಮ ಎಷ್ಟು ಸೀರೆ ಬೇಕಾದರೂ ಕೊಡಲಿ, ಮಂಟಪಕ್ಕೆ ಅವಳು ಬರುವುದು ಮಾವನ ಸೀರೆಯಲ್ಲಿ. ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು, 'ಬೀಗರು ಸೀರೆ ಮುಟ್ಟಿ, ತಿರುಗಿಸಿ ನೋಡೋ ಜನ. ಅಂಚಿನಾಗೆ ಒಂದೆಳೆ ಹೆಚ್ಚುಕಮ್ಮಿ ಆದ್ರೂ ವರ್ಷಗಟ್ಲೆ ಆಡ್ಕಂತಾರೆ. ನನ್ ಮರ್ಯಾದಿ, ಆ ಹುಡುಗಿ ಮರ್ಯಾದಿ ನಿನ್ ಕೈಯಾಗೈತೆ.' ತಿಪ್ಪೇಸ್ವಾಮಿ ಕಳಿಸಿದ್ದ ಚಿತ್ತಾರದ ಹಾಳೆಗಳಲ್ಲಿ ಅವಳೇ ಒಂದನ್ನು ಆರಿಸಿದಳು. ಅಂಚಿಗೆ ಜೋಡಿ ನವಿಲು, ಸೆರಗಿಗೆ ಗರಿ ಬಿಚ್ಚಿದ ದೊಡ್ಡ ನವಿಲು. ನಾನು ಅದನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಅಂಗಡಿಗೆ ತಂದು, ಅಲ್ಲಿ ಆಗಲೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ಇನ್ನೊಂದು ಸುರುಳಿಯ ಪಕ್ಕದಲ್ಲಿ ಇಟ್ಟೆ. ಮುಂದೇನಾಯಿತೆಂದು ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಹೊಳೆಯಲು ಒಂದೂವರೆ ತಿಂಗಳು ಬೇಕಾಯಿತು.

ಮರುದಿನ ಒಂದು ಸುರುಳಿಯನ್ನು ಮೊಳಕಾಲ್ಮೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಸ್ಟ್ಯಾಂಡಿನಲ್ಲಿ ತಿಪ್ಪೇಸ್ವಾಮಿ ಇಸಿದುಕೊಳ್ಳುತ್ತಾನೆ ಎಂದೆ. ಇನ್ನೊಂದನ್ನು ಬೀರುವಿನ ಮೇಲಿಟ್ಟೆ. ಸಂಜೆ ತಿಪ್ಪೇಸ್ವಾಮಿ ಫೋನ್ ಮಾಡಿದ. ಬಿತ್ತನೆಯ ಕಾಲ ಹತ್ತಿರ ಬಂದಿತ್ತು, ಅಂಗಡಿಯ ಮುಂದೆ ಬೀಜಕ್ಕಾಗಿ ಜನ ಮುಗಿಬಿದ್ದಿದ್ದರು. 'ರುದ್ರಣ್ಣ, ಹಾಳೆ ಬಂತು. ಕಾವ್ಯಮ್ಮನ ಸೀರೆಗೆ ಇದೇ ಹಾಕ್ಲಾ?' ಹಾಕು ಎಂದೆ. 'ಖಂಡಿತಾನಾ?' ಎಂದ. 'ಲೇ, ಅಕ್ಕನೇ ಒಪ್ಪಿ ಆರಿಸಿದಾಳೆ, ಕಣ್ಣು ಮುಚ್ಕಂಡು ಹಾಕು' ಎಂದು ಫೋನ್ ಇಟ್ಟೆ. ಅಲ್ಲಿಂದಾಚೆಗೆ ಅಂಗಡಿಯ ಗಲಾಟೆಯಲ್ಲಿ ಆಟವೂ ನಿಂತಿತು, ಬೀರುವಿನ ಮೇಲಿನ ಸುರುಳಿಗೆ ಧೂಳು ಕೂತಿತು.

ಮದುವೆಗೆ ಮೂರು ದಿನ ಇದೆ ಎನ್ನುವಾಗ ತಿಪ್ಪೇಸ್ವಾಮಿ ತಾನೇ ಸೀರೆ ತಂದ. ಅವನ ಮುಖದಲ್ಲಿ ಅಂಥ ಕಳೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಗಲ್ಲಾದ ಮೇಲೆ ಬಿಳಿ ಪಂಚೆ ಹಾಸಿ ಅದರ ಮೇಲೆ ಸೀರೆ ಬಿಡಿಸಿದ. ಮಾವಿನಹಣ್ಣಿನ ಬಣ್ಣದ ಒಡಲು, ದಾಳಿಂಬೆ ಬಣ್ಣದ ಅಂಚು. ಆ ಅಂಚಿನುದ್ದಕ್ಕೂ ಚಿನ್ನದ ಜರಿಯಲ್ಲಿ ಕತ್ತಿ ಎತ್ತಿ, ನಗಾರಿ ಬಡಿದು, ದವಡೆ ತೆರೆದು ಸಾಗುತ್ತಿತ್ತು ನನ್ನ ದಂಡು. ಹಾಳೆಯಲ್ಲಿ ಐದೇ ಜನ ಇದ್ದವರು ಸೀರೆಯ ಎರಡು ಅಂಚಿನಲ್ಲಿ ಲೆಕ್ಕಕ್ಕೆ ಸಿಗದಷ್ಟಾಗಿದ್ದರು. ಅಸ್ಥಿಕೇತು ಮಹಾರಾಜ ಸೆರಗಿನ ಮಧ್ಯೆ ದರ್ಬಾರು ನಡೆಸಿದ್ದ.

ಬೀರುವಿನ ಮೇಲಿನ ಸುರುಳಿ ತೆಗೆದು ಬಿಚ್ಚಿದೆ. ಜೋಡಿ ನವಿಲು ಕತ್ತು ಕೊಂಕಿಸಿ ನನ್ನನ್ನೇ ನೋಡಿದವು. 'ಮದುವೆ ಸೀರೆಗೆ ಎಲುಬು ಹಾಕಿದೀಯಲ್ಲೋ, ನಿನಗೆ ಒಂಚೂರೂ ಅನುಮಾನ ಬರ್ಲಿಲ್ವಾ?' ಎಂದು ಕೇಳಿದೆ. 'ಬಂತಲ್ರಿ, ಅದಕ್ಕೇ ಫೋನ್ ಮಾಡಿದ್ದು' ಎಂದ ತಿಪ್ಪೇಸ್ವಾಮಿ. 'ಎರಡ್ ಸಲ ಕೇಳ್ದೆ. ಅಕ್ಕ ಒಪ್ಪಿದಾಳೆ ಅಂದ್ರಿ. ಹೋದ್ ವರ್ಷ ಒಬ್ರು ಟ್ರ್ಯಾಕ್ಟರ್ ಬುಟ್ಟಾ ಹಾಕಿಸ್ಕಂಡ್ರು, ಯಾಕೆ ಅಂತ ನಾನು ಕೇಳಿದ್ನಾ? ಗಿರಾಕಿ ಕೊಟ್ಟಿದ್ದು ನೇಯೋದು ನಮ್ ಕೆಲ್ಸ. ನಮ್ಮವ್ವ ನೋಡಿ ಬಾಗುಂದಿ ಅಂದ್ಳು, ಅವ್ಳು ಸುಮ್ನೆ ಯಾವ್ದನ್ನೂ ಚೆನ್ನಾಗೈತೆ ಅನ್ನಾಕಿಲ್ಲ.' ಬೇರೆ ಸೀರೆ ನೇಯಲು ದಿನವಿರಲಿಲ್ಲ. ಸೀರೆ ಅಂಗಡಿಯಿಂದ ತಂದರೆ ಅಕ್ಕ ಒಂದೇ ನೋಟದಲ್ಲಿ ಹಿಡಿಯುತ್ತಾಳೆ. ಮಂಗಳಕಾರ್ಯಕ್ಕೆ ಸತ್ತವರನ್ನು ಕರೆತಂದ ಸೋದರಮಾವ ಎಂದು ನನ್ನ ಹೆಸರು ಎರಡು ತಾಲ್ಲೂಕಿನಲ್ಲಿ ನಿಲ್ಲುತ್ತದೆ, ಅದು ಹೋಗಲಿ, ಆ ಹುಡುಗಿ ಅತ್ತೆಮನೆಯಲ್ಲಿ ಜೀವಮಾನವೆಲ್ಲ ಕೇಳಿಸಿಕೊಳ್ಳಬೇಕು. ಇಷ್ಟರ ನಡುವೆಯೇ, ನಾಚಿಕೆಗೆಟ್ಟವನು ನಾನು, ಈಟಿಯವನು ಎಷ್ಟು ಚೆನ್ನಾಗಿ ಬಂದಿದ್ದಾನೆಂದು ಮತ್ತೊಮ್ಮೆ ಬಗ್ಗಿ ನೋಡಿದೆ.

ಮನೆಗೆ ಒಯ್ದು ಗಿರಿಜಳ ಮುಂದೆ ಸೀರೆ ಇಟ್ಟು, ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವಳು ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. 'ವೀರಗಾಸೆ ಅಲ್ವೇನ್ರೀ ಇದು? ಕತ್ತಿ ಹಿಡ್ಕಂಡು ಎಷ್ಟು ಚೆನ್ನಾಗಿ ಕುಣೀತಾವ್ರೆ. ಎದೆ ಮೇಲೆ ರುದ್ರಾಕ್ಷಿ ಸರ ಬೇರೆ.' ರುದ್ರಾಕ್ಷಿಯಲ್ಲ, ಪಕ್ಕೆಲುಬು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. 'ಇವ್ನು ಬಾಯಿ ತೆಗ್ದಿರೋನು ಒಡಪು ಹೇಳೋನು' ಎಂದಳು. ಸೆರಗು ತಿರುಗಿಸಿ, 'ಅಯ್ಯೋ ಶಿವನೇ, ಮದುಮಗನ್ನೂ ಕೂರ್ಸಿದಾರೆ, ಬಾಸಿಂಗ ಕಟ್ಕಂಡು' ಎಂದಳು. ಅಸ್ಥಿಕೇತುವಿನ ಕೊಂಬುಗಳಿಗಾಗಿ ನಾನು ಎರಡು ದಿನ ಕಷ್ಟಪಟ್ಟಿದ್ದೆ. ಅವನ್ನು ನಾನು ಬಾಸಿಂಗವೆಂದೇ ಒಪ್ಪಿಕೊಂಡೆ.

ಆದರೂ ಗಿರಿಜ ಒಬ್ಬಳು ನಂಬಿದರೆ ಸಾಲದು, ಪಾರ್ವತಕ್ಕ ನಂಬಬೇಕು. ಕೊಂಡ್ಲಹಳ್ಳಿಯಲ್ಲಿ ಅವಳು ಕನ್ನಡಕ ಒರೆಸಿ ಹಾಕಿಕೊಂಡು ಸೀರೆ ಹಿಡಿದಾಗ ನನ್ನ ಕಾಲು ಬಾಗಿಲ ಕಡೆಗೆ ತಿರುಗಿತ್ತು. 'ನಾನು ನವಿಲು ಹೇಳಿದ್ನಲ್ಲೋ' ಎಂದಳು. 'ನವಿಲು ಎಲ್ರೂ ಹಾಕಿಸ್ತಾರಕ್ಕ, ನಮ್ಮ ಮನೆಗೆ ಒಪ್ಪೋದು ವೀರಗಾಸೆ' ಎಂದೆ. ಅವಳು ಬೆರಳಿನಿಂದ ಒಬ್ಬೊಬ್ಬರನ್ನೇ ಮುಟ್ಟುತ್ತ ಹೋದಳು. 'ಎಲ್ಲಾ ಒಂದೇ ಥರ ಹಲ್ಲು ಬಿಟ್ಕಂಡು ನಗ್ತಾವ್ರಲ್ಲೋ?' ಮದುವೆಯಲ್ಲವೇ ಎಂದೆ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕಣ್ಣಿಗೆ ಸೆರಗು ಒತ್ತಿಕೊಂಡು, 'ಇಷ್ಟೆಲ್ಲ ಯೋಚ್ನೆ ಮಾಡಿ ನೇಯ್ಸಿದೀಯ. ನಿನ್ನ ಏನೋ ಅಂದ್ಕಂಡಿದ್ದೆ ಕಣೋ' ಎಂದಳು.

ಮುಹೂರ್ತದ ದಿನ ನಾನು ಕಾವ್ಯಳ ಹಿಂದೆಯೇ ನೆರಳಿನ ಹಾಗೆ ಸುತ್ತಿದೆ. ಯಾರಾದರೂ ಅಂಚಿನ ಹತ್ತಿರ ಬಗ್ಗಿದರೆ ಸಾಕು, ಊಟಕ್ಕೆ ಏಳಿ ಎಂದು ಎಬ್ಬಿಸುತ್ತಿದ್ದೆ. ಬೀಗಿತ್ತಿ ಮಾತ್ರ ಏಳಲಿಲ್ಲ. ಸೀರೆ ಮುಟ್ಟಿದರು, ತಿರುಗಿಸಿ ನೋಡಿದರು, ನನ್ನನ್ನು ಹತ್ತಿರ ಕರೆದು, 'ನಮ್ಮ ಮನೆದೇವ್ರು ವೀರಭದ್ರ ಅಂತ ತಿಳ್ಕಂಡು ಮಾಡ್ಸಿದೀರಿ ಅಲ್ವಾ?' ಎಂದರು. ನಾನು ವಿನಯದಿಂದ ನೆಲ ನೋಡಿದೆ. ಮದುಮಗ ಸ್ವಲ್ಪ ಒಣಕಲು ಆಸಾಮಿ. ಅಸ್ಥಿಕೇತುವಿನ ಪಕ್ಕ ಕೆನ್ನೆ ತಂದಿಟ್ಟು, 'ನನ್ನ ಹಂಗೇ ಐತೆ' ಎಂದು ಫೋಟೋ ತೆಗೆಸಿಕೊಂಡ. ನಾಲ್ಕಾರು ಹೆಂಗಸರು ತಿಪ್ಪೇಸ್ವಾಮಿಯನ್ನು ಸುತ್ತಿಕೊಂಡು ತಮಗೂ ಇದೇ ಅಂಚು ಬೇಕೆಂದು ಹಟ ಹಿಡಿದಿದ್ದರು.

ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡಬೇಕಾದ ಹೊತ್ತು. ನಿಜಕ್ಕೂ ಬಿಟ್ಟೆ. ಬಿಟ್ಟ ಅರ್ಧಗಂಟೆಗೆ ನನಗೆ ಸಿಟ್ಟು ಬರತೊಡಗಿತು. ಇದೇನು ಜನ? ನೂರಾರು ತಲೆಬುರುಡೆ ಎದುರಿಗೆ ಮೆರವಣಿಗೆ ಹೊರಟಿವೆ, ಒಬ್ಬರ ಮೈಯಲ್ಲಾದರೂ ಒಂದು ರೋಮ ಏಳಬಾರದೇ? ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಓಬಳೇಶ, 'ಸೀರೆ ಚಲೋ ಐತೆ ಕಣಲೇ, ವೀರಗಾಸೆ' ಎಂದ. ತಡೆಯಲಾಗದೆ ಅವನ ಕಿವಿಯಲ್ಲಿ ನಿಜ ಹೇಳಿಬಿಟ್ಟೆ. ಅವನು ಹೋಳಿಗೆ ಕೈಯಲ್ಲಿ ಹಿಡಿದೇ ಹಿಂತಿರುಗಿ ಕಾವ್ಯಳ ಕಡೆ ನೋಡಿದ. 'ಇವಕ್ಕಾ ನಾವು ಹೆದರಬೇಕಿತ್ತು?' ಎಂದು ತುಪ್ಪ ಬಡಿಸುವವನನ್ನು ಕರೆದ. ಎಲೆಯಲ್ಲಿದ್ದ ಹೋಳಿಗೆ ನನಗೆ ಸಪ್ಪೆಯಾಯಿತು.

ಹೆಣ್ಣು ಕಳಿಸಿಕೊಡುವ ಹೊತ್ತು ಬಂತು. ಕಾವ್ಯ ಎಲ್ಲರ ಕಾಲಿಗೂ ಬಿದ್ದು ಕೊನೆಗೆ ನನ್ನ ಹತ್ತಿರ ಬಂದಳು. ನಮಸ್ಕಾರ ಮಾಡಿ ಎದ್ದು, ಬೇರೆಯವರಿಗೆ ಕೇಳದ ಹಾಗೆ, 'ಮಾವ, ಇವು ವೀರಗಾಸೆ ಅಲ್ಲ ಅಲ್ವಾ?' ಎಂದಳು. 'ಪಕ್ಕೆಲುಬು ಹನ್ನೆರಡು ಜೊತೆ ಇರ್ಬೇಕು, ನೀವು ಏಳೇ ಹಾಕೀರಿ' ಎಂದಳು. ಆ ಹುಡುಗಿ ನಾಲ್ಕು ವರ್ಷ ನರ್ಸಿಂಗ್ ಓದಿದ್ದು ನನಗೆ ನೆನಪೇ ಇರಲಿಲ್ಲ. 'ಐದು ಬಿಡ್ಸಿದ್ದು ತಿಪ್ಪೇಸ್ವಾಮಿ ಕಣಮ್ಮ, ಜಾಗ ಸಾಲದು ಅಂತ' ಎಂದೆ. ಆ ಗಾಬರಿಯಲ್ಲೂ ತಪ್ಪು ನನ್ನದಲ್ಲ ಎನ್ನುವುದನ್ನು ಮರೆಯಲಿಲ್ಲ ನೋಡಿ. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಬೆಳಿಗ್ಗೆ ಉಡಿಸುವಾಗಲೇ ಎಂದಳು. 'ಗೊತ್ತಿದ್ದೂ ಯಾಕೆ ಉಟ್ಟೆ ತಾಯಿ?'

ಅವಳು ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡಳು. 'ಹೊಸ ಮನೆ, ಹೊಸ ಜನ ಮಾವ. ಒಬ್ಳೇ ಹೋಗೋ ಬದ್ಲು ಇಷ್ಟು ಜನ ಜೊತೆಗಿರ್ಲಿ ಅನ್ನಿಸ್ತು. ಹೆಂಗೂ ಸತ್ತೋರು, ಇವ್ರಿಗೆ ಇನ್ಯಾರು ಏನ್ ಮಾಡಾಕಾಗ್ತೈತೆ?'

ತಿಳುವಳಿಕೆಯಿರುವ ಸೋದರಮಾವನಾದರೆ ಅಲ್ಲಿ ತಲೆಯ ಮೇಲೆ ಕೈಯಿಟ್ಟು ನಾಲ್ಕು ಒಳ್ಳೆಯ ಮಾತು ಹೇಳುತ್ತಿದ್ದ. ನಾನು ಆಚೆ ಈಚೆ ನೋಡಿ, ಅವಳ ಕೈ ಹಿಡಿದು, 'ನಿಜ ಹೇಳು ಕಾವ್ಯ. ಮೊದಲ ಸಲ ನೋಡಿದಾಗ ನಿನಗೆ ಹೆದರಿಕೆ ಆಯ್ತಾ?' ಎಂದು ಕೇಳಿದೆ. ಕಾರಿನ ಬಾಗಿಲು ತೆರೆದು ಎಲ್ಲರೂ ಕಾಯುತ್ತಿದ್ದರು. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ರೋಗಿಯ ಕೈ ತಟ್ಟುತ್ತಾರಲ್ಲ, ಹಾಗೆ ನನ್ನ ಕೈ ತಟ್ಟಿ, 'ಬಾಳ ಆಯ್ತು ಮಾವ' ಎಂದಳು.

ಅವಳು ಸುಳ್ಳು ಹೇಳುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಣ್ಣಲ್ಲಿ ನೀರು ತಡೆಯದೆ ಬಂತು, ಕಾರು ಹೊರಟು ತಿರುವಿನಲ್ಲಿ ಮರೆಯಾದರೂ ನಿಲ್ಲಲಿಲ್ಲ. ಪಾರ್ವತಕ್ಕ ನನ್ನ ಬೆನ್ನು ಸವರುತ್ತ, ಸೋದರಮಾವ ಅಂದ್ರೆ ಹಿಂಗಿರ್ಬೇಕು, ಕರುಳು ಅಂದ್ರೆ ಇದು ಎಂದು ನೆರೆದವರಿಗೆಲ್ಲ ಹೇಳುತ್ತಿದ್ದಳು. ನಾನು ಅಲ್ಲ ಎನ್ನಲಿಲ್ಲ.